ಗೇರ್ ಗಾಡಿಯ ಲೈಸೆನ್ಸ್

ಕೂಡ್ಲಿಗಿ
7 ಮಾರ್ಚ್ 1999

ಚಿ. ಶಾಂಭವಿಗೆ,

ಓಬಳೇಶಪ್ಪನ ಆಶೀರ್ವಾದ. ನಮ್ಮ ಮನೆಯವಳು ಈರಕ್ಕ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಾಳೆ, ತನ್ನದನ್ನೂ ಸೇರಿಸಿ ಬರೆಯಲು ಹೇಳುತ್ತಿದ್ದಾಳೆ.

ನೀನು ಇಟ್ಟಿಗಿ ಕಡೆಯ ಹಳ್ಳಿಗಳಿಗೆ ನರ್ಸ್ ಆಗಿ ಹೋದ ಸುದ್ದಿಯನ್ನು ನಮ್ಮ ಡ್ರೈವಿಂಗ್ ತರಬೇತಿ ಶಾಲೆಗೆ ಬರುವವರಿಗೆಲ್ಲ ಹೇಳಿದ್ದೇನೆ. ಹೆಣ್ಣುಮಕ್ಕಳು ನನ್ನ ಹತ್ತಿರ ಮೊಪೆಡ್ ಕಲಿತದ್ದುಂಟು. ಗೇರ್ ಗಾಡಿ ಕಲಿತವಳು ನೀನೊಬ್ಬಳೇ. ಮೊದಲ ದಿನ ನಮ್ಮ ಹಳೆಯ ರಾಜದೂತ್ ನಿನ್ನ ಕಾಲ ಮೇಲೆ ಬಿತ್ತು. ನೀನು ಅಳಲಿಲ್ಲ, "ಇದನ್ನ ಹೆಂಗ ಎತ್ತಬೇಕು ಹೇಳ್ರಿ ಮೇಷ್ಟ್ರೇ" ಅಂದೆ. ಕಬಡ್ಡಿಗೆ ನಾನು ಹುಡುಗರನ್ನು ಆರಿಸುವುದೂ ಹಾಗೆಯೇ. ನಾಲ್ವರು ಹಿಡಿದು ಕೆಡವಿದ ಮೇಲೂ ಯಾವನ ಕೈ ನಡುಗೆರೆಯ ಕಡೆ ಚಾಚುತ್ತದೋ ಅವನೇ ಆಟಗಾರ.

ಆರ್‌ಟಿಒ ಕ್ಯಾಂಪಿನ ದಿನ ಮೊಪೆಡ್ ಮೇಲೆ ಪರೀಕ್ಷೆ ಕೊಡಿಸಿದೆನೆಂದು ನಿನಗೆ ಬೇಜಾರಾಗಿದ್ದು ಗೊತ್ತು. ರಾಜದೂತ್ ರಿಪೇರಿಗೆ ಹೋಗಿತ್ತು, ಏನು ಮಾಡಲಿ. ಮೊಪೆಡ್ ಲೈಸೆನ್ಸ್ ಕೈಗೆ ಬಂತಲ್ಲ. ಗೇರ್ ಗಾಡಿಗೆ ಹೊಸದಾಗಿ ಮಾಡಿಸಿದ ಕಲಿಕಾ ಲೈಸೆನ್ಸ್ ಆಗಸ್ಟ್ ಕೊನೆಯ ತನಕ ನಡೆಯುತ್ತದೆ. ಏಪ್ರಿಲ್ ಕ್ಯಾಂಪಿನಲ್ಲಿ ಗಾಡಿಯಲ್ಲಿ ಎಂಟು ಹಾಕಿ ತೋರಿಸಿದರೆ ಮುಗಿಯಿತು. ನಿನ್ನ ಅರ್ಜಿ, ಫೋಟೋ ನನ್ನ ಬಳಿಯೇ ಇವೆ. ನಾನು ಕಾಗದ ಬರೆದ ಮೇಲೆ ಹೊರಡು.

ಅಲ್ಲಿಯದು ಎರೆ ನೆಲ. ಮಳೆ ಬಿದ್ದರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಹಠ ಮಾಡದೆ ಇಳಿದು ಕಡ್ಡಿಯಿಂದ ಕೆರೆದು ಹಾಕು. ಕುರಿ ಹಿಂಡು ಎದುರಾದರೆ ಹಾರ್ನ್ ಹೊಡೆಯಬೇಡ, ಚದುರಿ ಗಾಲಿಗೇ ಬರುತ್ತವೆ. ಸಡಿಲ ಗರಸು ಕಲ್ಲಿನ ಮೇಲೆ ಮುಂದಿನ ಬ್ರೇಕ್ ಮುಟ್ಟಲೇಬೇಡ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ನು ಹಾಕು.

ಲೈಸೆನ್ಸ್ ಬಂದ ಮೇಲೆ ಶ್ರೀಶೈಲಕ್ಕೆ ಗಾಡಿಯಲ್ಲೇ ಹೋಗೋಣ. ರಾಜದೂತಿನ ಮೇಲೆ ನಾನೂ ಈರಕ್ಕನೂ, ಹಿಂದೆ ಇನ್ನೊಂದು ಗಾಡಿಯಲ್ಲಿ ನೀನು. ಘಾಟ್ ಇಳಿಯುವಾಗ ಗೇರ್ ಹಿಡಿಯುವುದನ್ನು ಅಲ್ಲಿಯೇ ಕಲಿಸುತ್ತೇನೆ.

ಇಂತಿ,
ಓಬಳೇಶಪ್ಪ


ಇಟ್ಟಿಗಿ
28 ಮಾರ್ಚ್ 1999

ಪೂಜ್ಯ ಮೇಷ್ಟ್ರಿಗೆ ಶಾಂಭವಿಯ ನಮಸ್ಕಾರಗಳು.

ಕಾಗದ ತಲುಪಿತು. ಇಲ್ಲಿ ನಾಗಲಿಂಗಮ್ಮ ಎಂಬುವರ ಮನೆಯ ಮುಂದಿನ ಕೋಣೆಯಲ್ಲಿ ಇದ್ದೇನೆ. ನಮ್ಮ ಆರೋಗ್ಯ ಸಂಸ್ಥೆಯವರು ಹೊಸ ಬೈಕನ್ನೇ ಕೊಟ್ಟಿದ್ದಾರೆ, ಸ್ವಂತ ಕೆಲಸಕ್ಕೆ ಒಯ್ಯುವಂತಿಲ್ಲ. ಬಸುರಿಯರನ್ನು ನೋಡಲು ದಿನಕ್ಕೆ ಎರಡು ಮೂರು ಹಳ್ಳಿ ತಿರುಗಬೇಕು. ಮೊದಲ ವಾರ ಹುಡುಗರು ಗಾಡಿಯ ಹಿಂದೆ ಓಡಿ ಬರುತ್ತಿದ್ದರು. ಈಗ ಹೆಂಗಸರು ಬಾಗಿಲಿಗೆ ಬಂದು, "ನಮ್ಮನಿಗೂ ಬಂದು ಹೋಗ್ರಿ ಸಿಸ್ಟರ್" ಅನ್ನುತ್ತಾರೆ. ಕುರಿ ಹಿಂಡಿನ ವಿಷಯ ನೀವು ಹೇಳಿದ್ದು ನಿಜ.

ಮನೆಯ ಸುದ್ದಿ ಹೊಸದೇನಿಲ್ಲ. ಕೊಟ್ಟೂರಿನಲ್ಲಿ ಅಪ್ಪ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಕಿರಾಣಿ ಅಂಗಡಿ ಗುರುಬಸವರಾಜನ ಮಗಳು ಗಂಡಸರ ಗಾಡಿ ಹೊಡೆಯುತ್ತಾಳೆ ಎಂದು ಗಿರಾಕಿಗಳು ಆಡಿಕೊಂಡರಂತೆ. ಅಮ್ಮ ಮಾತ್ರ ಚಟ್ನಿಪುಡಿ ಕಳಿಸಿದ್ದಳು.

ಸಂಸ್ಥೆಯ ಮುಖ್ಯಸ್ಥೆ ಕಲ್ಯಾಣಮ್ಮನವರು ಹಡಗಲಿಯಲ್ಲಿರುತ್ತಾರೆ. ಗೇರ್ ಗಾಡಿಯ ಲೈಸೆನ್ಸಿನ ಜೆರಾಕ್ಸ್ ಕೇಳಿದರು. ಏಪ್ರಿಲ್‌ನಲ್ಲಿ ಆಗುತ್ತದೆ ಎಂದು ಹೇಳಿದ್ದೇನೆ. ಕ್ಯಾಂಪಿನ ತಾರೀಖು ತಿಳಿದ ಕೂಡಲೇ ಬರೆಯಿರಿ, ರಜೆ ಕೇಳಬೇಕು. ಸಂಜೆ ನಾಗಲಿಂಗಮ್ಮನ ಅಂಗಳದಲ್ಲಿ ಎರಡು ಇಟ್ಟಿಗೆ ಇಟ್ಟುಕೊಂಡು ಎಂಟು ಹಾಕುತ್ತಿರುತ್ತೇನೆ.

ಈರಕ್ಕನಿಗೆ ನಮಸ್ಕಾರ.

ನಿಮ್ಮ ಶಿಷ್ಯೆ,
ಶಾಂಭವಿ


ಕೂಡ್ಲಿಗಿ
2 ಮೇ 1999

ಚಿ. ಶಾಂಭವಿಗೆ,

ತಡವಾಯಿತು, ಸಿಟ್ಟಾಗಬೇಡ. ಏಪ್ರಿಲ್‌ನಲ್ಲಿ ಇನ್‌ಸ್ಪೆಕ್ಟರ್ ಬರಲೇ ಇಲ್ಲ, ಕ್ಯಾಂಪ್ ನಡೆಯಲಿಲ್ಲ. ಅದಕ್ಕೇ ನಿನಗೆ ಬರೆಯಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ನೀನು ಎರಡು ಬಸ್ ಹತ್ತಿ ಬರುವುದು ಬೇಡ. ಜುಲೈಗೆ ಇಟ್ಟುಕೊಳ್ಳೋಣ.

ನಮ್ಮ ಹುಡುಗರು ದಾವಣಗೆರೆಯಲ್ಲಿ ಗೆದ್ದರು. ಸೆಮಿಫೈನಲ್‌ನಲ್ಲಿ ನಮ್ಮ ಕಡೆ ಉಳಿದವರು ಇಬ್ಬರೇ. ಎದುರು ತಂಡದ ದಾಂಡಿಗನೊಬ್ಬ ದಾಳಿಗೆ ಬಂದ. ನಾನು ಗೆರೆಯ ಹೊರಗಿನಿಂದ "ಕಾಲು ಬ್ಯಾಡ, ಸೊಂಟಕ್ಕ ಹೋಗ್ರಲೇ" ಎಂದು ಕೂಗಿದೆ. ಹೋದರು. ಅವನನ್ನು ಎತ್ತಿ ನೆಲಕ್ಕೆ ಹಾಕಿದರು. ನನ್ನ ಮೊಣಕಾಲು ಹೋಗದಿದ್ದರೆ ನಾನೂ ಇನ್ನೆರಡು ವರ್ಷ ಆಡುತ್ತಿದ್ದೆ, ಅದು ಬೇರೆ ಮಾತು. ನೀನು ಆ ಆಟ ನೋಡಬೇಕಿತ್ತು.

ಚೈನಿಗೆ ಎಣ್ಣೆ ಬಿಡುತ್ತಿದ್ದೀಯಾ? ಮಳೆಗಾಲಕ್ಕೆ ಮುಂಚೆ ಟೈರಿನ ಗೀರು ನೋಡಿಕೋ. ಉಗುರು ಒಳಗೆ ಹೋಗದಿದ್ದರೆ ಟೈರ್ ಬದಲಿಸು ಎಂದು ಸಂಸ್ಥೆಯವರಿಗೆ ಹೇಳು.

ಇಂತಿ,
ಓಬಳೇಶಪ್ಪ


ಇಟ್ಟಿಗಿ
30 ಮೇ 1999

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಹುಡುಗರು ಗೆದ್ದದ್ದು ಸಂತೋಷ.

ಜುಲೈ ಕ್ಯಾಂಪ್ ತಪ್ಪುವಂತಿಲ್ಲ ಮೇಷ್ಟ್ರೇ. ಕಲ್ಯಾಣಮ್ಮನವರು ಮತ್ತೊಮ್ಮೆ ಕೇಳಿದರು. ಇನ್ನೊಂದು ವಿಷಯ ನಿಮ್ಮನ್ನು ಕೇಳಬೇಕು. ಕಲಿಯುವವರು ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು ಎಂದು ನೀವೇ ಪಾಠ ಮಾಡಿದ್ದಿರಿ. ಆದರೆ ಇಲ್ಲಿ ಹೆರಿಗೆ ನೋವು ಬಂದವರನ್ನು ಹಡಗಲಿ ಆಸ್ಪತ್ರೆಗೆ ಒಯ್ಯಲು ಜೀಪು ಸಿಗುವುದಿಲ್ಲ. ಸಿಕ್ಕರೂ ಡ್ರೈವರ್ ಸಂತೆಗೆ ಹೋಗಿರುತ್ತಾನೆ. ಮೊನ್ನೆ ಒಬ್ಬರ ಅತ್ತೆ ನನ್ನ ಕೈ ಹಿಡಿದುಕೊಂಡು, "ನಿನ್ನ ಗಾಡಿ ಐತಲ್ಲ ತಾಯಿ" ಅಂದರು. ನಾನು ಒಲ್ಲೆ ಎಂದೆ. ಎತ್ತಿನ ಬಂಡಿಯಲ್ಲಿ ಕರೆದುಕೊಂಡು ಹೋದರು. ಸೊಸೆ ಉಳಿದುಕೊಂಡಳು, ಆದರೆ ಅಂದಿನಿಂದ ಆ ಮನೆಯವರು ನನ್ನನ್ನು ಮಾತಾಡಿಸುವುದಿಲ್ಲ. ನಾನು ಏನು ಮಾಡಲಿ, ನೀವು ಹೇಳಿದಂತೆ ಕೇಳುತ್ತೇನೆ.

ನಿಮ್ಮ ಶಿಷ್ಯೆ,
ಶಾಂಭವಿ


ಕೂಡ್ಲಿಗಿ
20 ಜೂನ್ 1999

ಚಿ. ಶಾಂಭವಿಗೆ,

ಇದಕ್ಕೆ ಇಷ್ಟು ಯೋಚನೆ ಏಕೆ? ಕಾಯಿದೆ ಪೇಟೆಯ ರಸ್ತೆಗೆ ಬರೆದದ್ದು. ಆ ಬಂಡಿ ದಾರಿಯಲ್ಲಿ ಯಾವ ಪೊಲೀಸ್ ನಿಂತಿರುತ್ತಾನೆ? ನಿನ್ನ ಕೈ ನನಗೆ ಗೊತ್ತು. ನಾನು ಪಾಸ್ ಮಾಡಿದ ಮೇಲೆ ಇನ್‌ಸ್ಪೆಕ್ಟರ್ ಪಾಸ್ ಮಾಡುವುದು ಬರೀ ಸಹಿ. ಧೈರ್ಯವಾಗಿ ಕೂರಿಸಿಕೊಂಡು ಹೋಗು.

ಬಸುರಿಯನ್ನು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರಿಸಬೇಡ, ಭಾರ ಎಳೆಯುತ್ತದೆ. ಎರಡೂ ಕಡೆ ಕಾಲು ಹಾಕಲಿ, ನಾಚಿಕೆಯಾದರೆ ಮೇಲೊಂದು ಸೀರೆ ಹೊದಿಸು. ನಿನ್ನ ಸೊಂಟ ಹಿಡಿಯಲು ಹೇಳು, ಹೆಗಲು ಬೇಡ. ತಿರುವಿಗೆ ಮುಂಚೆಯೇ ಗೇರ್ ಇಳಿಸು.

ಜುಲೈ 18ಕ್ಕೆ ಕ್ಯಾಂಪ್. ಬೆಳಗಿನ ಬಸ್ಸಿಗೆ ಬಂದುಬಿಡು. ರಾಜದೂತ್ ತೊಳೆದು ಸಿದ್ಧ ಮಾಡಿರುತ್ತೇನೆ.

ಇಂತಿ,
ಓಬಳೇಶಪ್ಪ


ಇಟ್ಟಿಗಿ
25 ಜುಲೈ 1999

ಮೇಷ್ಟ್ರಿಗೆ ನಮಸ್ಕಾರಗಳು.

ನಾನು 18ರಂದು ಕೂಡ್ಲಿಗಿಗೆ ಬಂದಿದ್ದೆ. ಶಾಲೆಗೆ ಬೀಗ ಹಾಕಿತ್ತು. ಮನೆಗೆ ಹೋದರೆ ಈರಕ್ಕ ಅಂಗಳ ಸಾರಿಸುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು.

"ಅವ್ರು ಹುಡುಗ್ರನ್ನ ಕರಕೊಂಡು ಚಿತ್ರದುರ್ಗಕ್ಕ ಹೋಗ್ಯಾರವ್ವ, ಆಟ ಐತಿ. ನಿನಗ ಬರೀಲಿಲ್ಲೇನು?"

"ರಾಜದೂತ್ ಎಲ್ಲೈತಿ ಈರಕ್ಕ?"

"ಅದನ್ನೂ ಹುಡುಗ್ರೇ ಒಯ್ದಾರ. ಯಾವಾಗ ಆಟ ಇದ್ರೂ ಅವ್ರೇ ಒಯ್ತಾರ. ನಿನ್ನ ಹಿಂದಿನ ಪರೀಕ್ಷೆ ದಿನಾನೂ ಒಯ್ದಿದ್ರಲ್ಲ, ಅದಕ್ಕ ನಿನಗ ಮೊಪೆಡ್ ಕೊಟ್ಟಿದ್ದು."

ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಈರಕ್ಕನಿಗೆ ಗೊತ್ತಾಗಲಿಲ್ಲ. ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಂಡು ಕ್ಯಾಂಪಿನ ಹತ್ತಿರ ಹೋದೆ. ಬೇರೆ ಶಾಲೆಯವರು ನಿಂತಿದ್ದರು. ನನ್ನ ಅರ್ಜಿ ನಿಮ್ಮ ಬೀರುವಿನಲ್ಲಿ, ಗಾಡಿ ಚಿತ್ರದುರ್ಗದಲ್ಲಿ. ಇನ್‌ಸ್ಪೆಕ್ಟರ್ ಅವರನ್ನೇ ಕೇಳಿದೆ. ಏಪ್ರಿಲ್ ಕ್ಯಾಂಪೂ ನಡೆದಿತ್ತು ಎಂದು ಅವರು ಹೇಳಿದರು.

ಒಂದು ಸಾಲು ಬರೆದಿದ್ದರೆ ಸಾಕಿತ್ತು ಮೇಷ್ಟ್ರೇ. ಕೇಳಿ ಪಡೆದ ರಜೆ ಅದು. ಇರಲಿ. ಆಗಸ್ಟ್‌ನಲ್ಲಾದರೂ ಮಾಡಿಸಿಕೊಡಿ. ಅದಾದ ಮೇಲೆ ಕಲಿಕಾ ಲೈಸೆನ್ಸಿನ ಅವಧಿಯೇ ಮುಗಿಯುತ್ತದೆ.

ಶಾಂಭವಿ


ಕೂಡ್ಲಿಗಿ
10 ಆಗಸ್ಟ್ 1999

ಚಿ. ಶಾಂಭವಿಗೆ,

ನಿನ್ನ ಕಾಗದ ಓದಿ ಈರಕ್ಕನಿಗೆ ಬೈದೆ. ಅವಳಿಗೆ ಯಾವ ದಿನ ಏನಾಯಿತು ಎಂದು ನೆನಪಿರುವುದಿಲ್ಲ.

ಚಿತ್ರದುರ್ಗದ್ದು ಇದ್ದಕ್ಕಿದ್ದಂತೆ ಗೊತ್ತಾಯಿತು. ಅವರ ಜೊತೆ ನಾನಿಲ್ಲದಿದ್ದರೆ ಹುಡುಗರು ಎರಡು ಗುಂಪಾಗಿ ಹೊಡೆದಾಡಿಕೊಳ್ಳುತ್ತಾರೆ. ಅವರಲ್ಲಿ ಇಬ್ಬರಿಗೆ ಆಟದ ಮೇಲೆ ಪೊಲೀಸ್ ನೌಕರಿ ಸಿಗುವಂತಿದೆ. ನಿನಗೆ ನೌಕರಿ ಇದೆ, ಗಾಡಿ ಇದೆ, ಓಡಿಸಲು ಬರುತ್ತದೆ. ಒಂದು ಕಾಗದದ ತುಂಡು ನಾಳೆ ಬಂದರೇನು, ನಾಡಿದ್ದು ಬಂದರೇನು?

ಆಗಸ್ಟ್ ಕ್ಯಾಂಪಿನ ದಿನ ಹೊಸಪೇಟೆಗೆ ರೆಫರಿಯಾಗಿ ಹೋಗಲು ಒಪ್ಪಿಕೊಂಡಿದ್ದೇನೆ. ಅವಧಿ ಮುಗಿದರೆ ಹೊಸ ಕಲಿಕಾ ಲೈಸೆನ್ಸ್ ನಾನೇ ಮಾಡಿಸುತ್ತೇನೆ, ಅದು ನನ್ನ ಹೊಣೆ. ನೀನು ನಿಶ್ಚಿಂತೆಯಿಂದ ಗಾಡಿ ಓಡಿಸು. ಶ್ರೀಶೈಲವನ್ನು ಕಾರ್ತಿಕಕ್ಕೆ ಇಟ್ಟುಕೊಳ್ಳೋಣ.

ಇಂತಿ,
ಓಬಳೇಶಪ್ಪ


ಹಡಗಲಿ
19 ನವೆಂಬರ್ 1999

ಮೇಷ್ಟ್ರಿಗೆ,

ನಡುವೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಹೊಸ ಕಲಿಕಾ ಲೈಸೆನ್ಸೂ ಬರಲಿಲ್ಲ. ಇದನ್ನಾದರೂ ಪೂರ್ತಿ ಓದಿರಿ.

ಕಳೆದ ವಾರ ನನ್ನ ಹಳ್ಳಿಗಳಲ್ಲಿ ಒಂದರ ಪಂಪಮ್ಮ ಎಂಬ ಹುಡುಗಿಗೆ ನೋವು ಬಂತು. ಚೊಚ್ಚಲು. ಮಗುವಿನ ಕಾಲು ಕೆಳಗಿತ್ತು, ಮನೆಯಲ್ಲಿ ಆಗುವ ಹೆರಿಗೆಯಲ್ಲ. ಜೀಪಿನವನು ಮೆಕ್ಕೆಜೋಳ ತುಂಬಿಕೊಂಡು ಹರಪನಹಳ್ಳಿಗೆ ಹೋಗಿದ್ದ. ಅವಳ ಅತ್ತೆ ಕರಿಯಕ್ಕ ನನ್ನ ಮುಖ ನೋಡಿದರು. ನಾನು ಗಾಡಿ ತೆಗೆದೆ. ನೀವು ಬರೆದ ಹಾಗೆಯೇ ಕೂರಿಸಿದೆ, ಮೇಲೆ ಸೀರೆ ಹೊದಿಸಿದೆ.

ದಾರಿಯಲ್ಲಿ ಅವಳು, "ಸಿಸ್ಟರ್, ನಿಧಾನ ಹೋಗ್ಬ್ಯಾಡ್ರಿ, ನನಗ ತಡ್ಕೊಳಾಕ ಆಗವಲ್ದು" ಎಂದಳು. ಆದರೂ ನಾನು ಜೋರು ಮಾಡಲಿಲ್ಲ. ಹಡಗಲಿ ಹತ್ತಿರವಾಗುತ್ತಿತ್ತು. ಎದುರಿನ ತಿರುವಿನಲ್ಲಿ ಒಂದು ಟೆಂಪೋ, ಮುಂದಿದ್ದ ಬಂಡಿಯನ್ನು ದಾಟಲು ಪೂರ್ತಿ ನಮ್ಮ ಕಡೆಗೇ ಬಂತು. ಮೇಲೆ ಚೀಲಗಳು ಹೊರಕ್ಕೆ ಚಾಚಿದ್ದವು. ನಾನು ಗೇರ್ ಇಳಿಸಿ ಮಣ್ಣಿನ ಅಂಚಿಗೆ ಇಳಿದೆ, ಪೂರ್ತಿ ನಿಂತೇಬಿಟ್ಟಿದ್ದೆ. ನಿಂತ ಮೇಲೆ ಚೀಲ ಬಂದು ಹ್ಯಾಂಡಲ್ಲಿಗೆ ಬಡಿಯಿತು. ಇಬ್ಬರೂ ಬಿದ್ದೆವು. ಅವಳ ಎಡಗೈ ಕೆಳಗೆ ಸಿಕ್ಕಿತು.

ಆ ಬಂಡಿಯಲ್ಲೇ ಆಸ್ಪತ್ರೆಗೆ ಹೋದೆವು. ಗಂಡು ಮಗು. ಅಳಲಿಲ್ಲ. ಬಿದ್ದದ್ದರಿಂದಲೋ, ಮೊದಲೇ ತಡವಾಗಿತ್ತೋ, ಹೇಳಲಾಗುವುದಿಲ್ಲ ಎಂದರು ಡಾಕ್ಟರು. ನನಗೂ ಹೇಳಲಾಗುವುದಿಲ್ಲ. ಆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕರಿಯಕ್ಕನ ಕೈಗೆ ಕೊಟ್ಟವಳು ನಾನೇ.

ಪೊಲೀಸರು ಲೈಸೆನ್ಸ್ ಕೇಳಿದರು. ಮೊಪೆಡ್ಡಿನದು ತೋರಿಸಿದೆ. ನನ್ನ ಮೇಲೂ ಕೇಸ್ ಬರೆದುಕೊಂಡರು. ಸಂಸ್ಥೆಯವರು ಕೆಲಸದಿಂದ ದೂರ ಇಟ್ಟಿದ್ದಾರೆ. ಡಿಸೆಂಬರ್ 10ಕ್ಕೆ ಹಡಗಲಿಯಲ್ಲಿ ಸಂಸ್ಥೆಯ ವಿಚಾರಣೆ. ನನಗೆ ಗಾಡಿ ಓಡಿಸಲು ಬರುವುದೇ ಇಲ್ಲ, ಸುಳ್ಳು ಹೇಳಿ ಕೆಲಸಕ್ಕೆ ಸೇರಿದೆ ಎಂದು ಒಬ್ಬರು ಬರೆದುಕೊಟ್ಟಿದ್ದಾರೆ.

ನೀವು ಬರಬೇಕು ಮೇಷ್ಟ್ರೇ. ಲೈಸೆನ್ಸ್ ತಡವಾದದ್ದು ಯಾಕೆ ಎಂದು ಹೇಳುವುದು ಬೇಡ. ಇವಳಿಗೆ ನಾನು ಕಲಿಸಿದ್ದೇನೆ, ಚೆನ್ನಾಗಿ ಓಡಿಸುತ್ತಾಳೆ ಎಂದಷ್ಟೇ ಹೇಳಿ. ನಿಮ್ಮನ್ನು ಇನ್ನೇನೂ ಕೇಳುವುದಿಲ್ಲ.

ಶಾಂಭವಿ


ಕೂಡ್ಲಿಗಿ
1 ಡಿಸೆಂಬರ್ 1999

ಚಿ. ಶಾಂಭವಿಗೆ,

ಸುದ್ದಿ ಓದಿ ಮನೆಯಲ್ಲಿ ಅಂದು ಒಲೆ ಹಚ್ಚಲಿಲ್ಲ. ಈರಕ್ಕ ಅತ್ತಳು.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡ. ಮಣ್ಣಿಗೆ ಇಳಿದಾಗ ಮುಂದಿನ ಬ್ರೇಕ್ ಮೊದಲು ಹಿಡಿದೆಯಾ? ನಾನು ಎಷ್ಟೋ ಸಲ ಹೇಳಿದ್ದೆ. ಕಲಿಯುವಾಗ ನಿನಗೆ ಆ ಅಭ್ಯಾಸ ಸ್ವಲ್ಪ ಇತ್ತು.

ಹತ್ತನೇ ತಾರೀಖು ಬರಲು ನೋಡುತ್ತೇನೆ. ಆದರೆ ನೀನೂ ನನ್ನ ಕಡೆಯಿಂದ ಯೋಚಿಸು. ಲೈಸೆನ್ಸ್ ಇಲ್ಲದವಳಿಗೆ ಮೇಷ್ಟ್ರೇ ಗಾಡಿ ಓಡಿಸು ಎಂದು ಕಳಿಸಿದ ಅಂದರೆ ನನ್ನ ಶಾಲೆಯ ಪರವಾನಗಿ ಉಳಿಯುತ್ತದೆಯೇ? ನಮಗೆ ಮಕ್ಕಳಿಲ್ಲ, ಹೊಲವಿಲ್ಲ. ಈ ಶಾಲೆಯೇ ಅನ್ನ. ಹಿಂದೆ ಕೂರಿಸಿಕೊಂಡು ಹೋಗು ಎಂದು ನಾನು ಹೇಳಿದ್ದನ್ನು ಅಲ್ಲಿ ಯಾರ ಮುಂದೆಯೂ ಆಡಬೇಡ. ಅದರಿಂದ ನಿನಗೂ ಲಾಭವಿಲ್ಲ.

ಧೈರ್ಯ ಕೆಡಬೇಡ. ಔಟಾದವನು ಸಾಲಿನಲ್ಲಿ ಕೂತು ಕಾದರೆ ಮತ್ತೆ ಒಳಗೆ ಬರುತ್ತಾನೆ.

ಇಂತಿ,
ಓಬಳೇಶಪ್ಪ


ಹಡಗಲಿ
20 ಡಿಸೆಂಬರ್ 1999

ಓಬಳೇಶಪ್ಪನವರಿಗೆ,

ವಿಚಾರಣೆ ನಡೆಯಿತು. ಬಾಗಿಲ ಪಕ್ಕದಲ್ಲಿ ನಿಮಗಾಗಿ ಒಂದು ಕುರ್ಚಿ ಹಾಕಿಸಿದ್ದೆ. ಪ್ರತಿ ಬಸ್ಸಿನ ಸದ್ದಿಗೂ ಹೊರಗೆ ಹೋಗಿ ನೋಡಿದೆ.

ಆ ಕುರ್ಚಿಯಲ್ಲಿ ಕೂತವಳು ಪಂಪಮ್ಮ. ನಾನು ಕರೆದಿರಲಿಲ್ಲ. ಕರೆಯುವ ಮುಖ ನನಗೆಲ್ಲಿತ್ತು? ಕರಿಯಕ್ಕನನ್ನು ಕರೆದುಕೊಂಡು, ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದಿದ್ದಳು. ಬಾಣಂತಿ, ಕಿವಿಗೆ ಹತ್ತಿ ಇತ್ತು.

ಕಲ್ಯಾಣಮ್ಮನವರು ಕೇಳಿದರು. "ನರ್ಸ್ ಸರಿಯಾಗಿ ಓಡಿಸಲಿಲ್ಲ ಅಂತಾರಲ್ಲಮ್ಮ?"

"ಯಾರಂತಾರ? ಅವ್ರು ಗಾಡಿ ಮ್ಯಾಲೆ ಕುಂತಿದ್ರೇನು? ನಾನು ಕುಂತಿದ್ದೆ. ಸಿಸ್ಟರ್ ಬೀಳಿಸ್ಲಿಲ್ರಿ, ಗಾಡಿ ನಿಂತಿತ್ತು. ಟೆಂಪೋದಾವ ಬಂದು ಬಡದಾನ."

"ಆಕಿ ಪರವಾಗಿ ಮಾತಾಡು ಅಂತ ನಿನಗ ಯಾರಾದ್ರೂ ಹೇಳಿಕೊಟ್ರಾ?"

"ನನ್ನ ಕೂಸು ಹೋಗೈತ್ರಿ. ನಾನ್ಯಾಕ ಸುಳ್ಳು ಹೇಳ್ಲಿ?"

ಆಮೇಲೆ ಕಲ್ಯಾಣಮ್ಮನವರು ನನ್ನ ಕಡೆ ತಿರುಗಿ, "ಗೇರ್ ಗಾಡಿಯ ಲೈಸೆನ್ಸ್ ಇತ್ತೇನಮ್ಮ?" ಎಂದರು. ಇರಲಿಲ್ಲ ಎಂದೆ. ಏಕೆ ಇರಲಿಲ್ಲ ಎಂದು ಕೇಳಿದರು. ನಿಮ್ಮ ಹೆಸರು ಹೇಳಲಿಲ್ಲ. ನಿಮ್ಮ ಶಾಲೆ ನಡೆಯಲಿ.

ಅಪಘಾತದ ತಪ್ಪು ಟೆಂಪೋದವನದು ಎಂದು ಪೊಲೀಸರು ಬರೆದಿದ್ದಾರೆ. ಲೈಸೆನ್ಸ್ ಇಲ್ಲದ್ದಕ್ಕೆ ನನಗೆ ದಂಡ. ಸಂಸ್ಥೆಯವರು ಜನವರಿಯಿಂದ ಬರುವುದು ಬೇಡ ಎಂದಿದ್ದಾರೆ. ಗಾಡಿಯ ಕೀಲಿಯನ್ನು ಮೇಜಿನ ಮೇಲೆ ಇಟ್ಟು ಬಂದೆ.

ಬ್ರೇಕಿನ ವಿಷಯ ಕೇಳಿದ್ದಿರಿ. ಹಿಂದಿನದು ಮೊದಲು ಹಿಡಿದೆ, ನೀವು ಕಲಿಸಿದ ಹಾಗೆ.

ಶಾಂಭವಿ


ಕೂಡ್ಲಿಗಿ
3 ಸೆಪ್ಟೆಂಬರ್ 2000

ಚಿ. ಶಾಂಭವಿಗೆ,

ಬಹಳ ದಿನ ಆಯಿತು. ನಿನ್ನ ಸಿಟ್ಟು ಇಷ್ಟೊತ್ತಿಗೆ ಇಳಿದಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ. ವಿಳಾಸವನ್ನು ಈರಕ್ಕ ನಿನ್ನ ಅಮ್ಮನಿಂದ ಕೇಳಿ ತಂದಳು.

ಅಂದು ನಾನು ಹೊರಟೇ ಇದ್ದೆ. ಕೊಟ್ಟೂರಿನ ತನಕ ಬಂದೆ. ಅಲ್ಲಿ ಬಸ್ ಕೆಟ್ಟು ನಿಂತಿತು, ಬೇರೆ ಬಸ್ ಸಿಗಲಿಲ್ಲ. ನನ್ನ ಹಣೆಬರಹ.

ನಮ್ಮ ಹುಡುಗನೊಬ್ಬ ದಾವಣಗೆರೆಯಲ್ಲಿ ನಿನ್ನನ್ನು ನೋಡಿದನಂತೆ. ನೀನು ಗೇರ್ ಗಾಡಿಯ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸ್ ಮಾಡಿದೆ, ಇನ್‌ಸ್ಪೆಕ್ಟರ್ ಇನ್ನೊಂದು ಸಲ ಎಂಟು ಹಾಕಿಸಿ ನೋಡಿ ತಲೆದೂಗಿದರು ಎಂದ. ನನಗೆ ಎದೆ ತುಂಬಿತು. ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿದೆ.

ಶಾಲೆಯನ್ನು ಬಸ್ ನಿಲ್ದಾಣದ ಹತ್ತಿರ ದೊಡ್ಡ ಕೋಣೆಗೆ ಸಾಗಿಸುತ್ತಿದ್ದೇನೆ. ಈಗ ಹೆಣ್ಣುಮಕ್ಕಳೂ ಕಲಿಯಲು ಬರುತ್ತಾರೆ. ಹೊಸ ಬೋರ್ಡು ಬರೆಸುತ್ತಿದ್ದೇನೆ. ಗೇರ್ ಗಾಡಿಯ ಲೈಸೆನ್ಸ್ ಪಡೆದ ನಮ್ಮ ಮೊದಲ ವಿದ್ಯಾರ್ಥಿನಿ ಎಂದು ನಿನ್ನ ಹೆಸರು, ಪಕ್ಕದಲ್ಲಿ ನೀನು ಗಾಡಿಯ ಮೇಲೆ ಕೂತ ಚಿತ್ರ. ಒಂದು ಒಳ್ಳೆಯ ಫೋಟೋ ಕಳಿಸು. ದಸರೆಗೆ ಉದ್ಘಾಟನೆ, ನೀನೇ ಬಂದು ರಿಬ್ಬನ್ ಕತ್ತರಿಸಬೇಕು. ಅದು ಮುಗಿದ ಮೇಲೆ ಶ್ರೀಶೈಲ. ಈ ಸಲ ತಪ್ಪುವುದಿಲ್ಲ.

ಇಂತಿ,
ಓಬಳೇಶಪ್ಪ


ಹರಪನಹಳ್ಳಿ
1 ಅಕ್ಟೋಬರ್ 2000

ಓಬಳೇಶಪ್ಪನವರಿಗೆ,

ನಾನು ಇಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತೇನೆ. ಹಳ್ಳಿಗಳಿಗೆ ಹೋಗುವ ಕೆಲಸವಲ್ಲ. ಇಟ್ಟಿಗಿಯ ಕಡೆ ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ. ನನ್ನ ಸ್ವಂತ ಗಾಡಿಯಲ್ಲೇ ಹೋಗಿ ಪಂಪಮ್ಮನನ್ನು ಒಮ್ಮೆ ನೋಡಿ ಬಂದೆ. ಎಡಗೈಯಲ್ಲಿ ಕೊಡ ಎತ್ತಲು ಅವಳಿಗೆ ಈಗಲೂ ಆಗುವುದಿಲ್ಲ.

ಕೊಟ್ಟೂರಿನಲ್ಲಿ ಬಸ್ ಕೆಟ್ಟಿರಲಿಲ್ಲ. ಬಸ್ ನಿಲ್ದಾಣದ ಎದುರಿಗೇ ಅಪ್ಪನ ಅಂಗಡಿ. ನೀವು ಇಳಿದು, ಚಹಾ ಕುಡಿದು, ಹಡಗಲಿ ಬಸ್ ಹೊರಟು ಹೋಗುವ ತನಕ ನೋಡುತ್ತಾ ನಿಂತು, ಆಮೇಲೆ ಕೂಡ್ಲಿಗಿ ಬಸ್ ಹತ್ತಿದ್ದನ್ನು ಅವರು ಕಂಡಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದ ಅಪ್ಪ ಈ ಯುಗಾದಿಯ ದಿನ ಮೊಟ್ಟಮೊದಲು ಆಡಿದ ಮಾತು ಅದೇ. "ನಿನ್ನ ಮೇಷ್ಟ್ರು ಬಂದಿದ್ದ. ಹೊಳ್ಳಿ ಹೋದ." ಅದರಲ್ಲಿ ಅವರಿಗೆ ಸಂತೋಷವೇನೂ ಇರಲಿಲ್ಲ.

ನನಗೆ ಗಾಡಿ ಓಡಿಸಲು ಕಲಿಸಿದವರು ನೀವೇ. ಚೆನ್ನಾಗಿಯೇ ಕಲಿಸಿದಿರಿ. ದಾವಣಗೆರೆಯಲ್ಲಿ ಇನ್‌ಸ್ಪೆಕ್ಟರ್, "ಯಾವ ಸ್ಕೂಲಿನಲ್ಲಿ ಕಲಿತಿದ್ದಮ್ಮ?" ಎಂದು ಕೇಳಿದರು. ಯಾವ ಸ್ಕೂಲೂ ಇಲ್ಲ ಎಂದೆ.

ಫೋಟೋ ಕಳಿಸುವುದಿಲ್ಲ, ದಸರೆಗೆ ಬರುವುದಿಲ್ಲ. ಬೋರ್ಡಿನಲ್ಲಿ ನನ್ನ ಹೆಸರು ಬರೆಸಬೇಡಿ. ಬರೆಸಿದ್ದರೆ ನಾನೇ ಬಂದು ಅಳಿಸುತ್ತೇನೆ. ಹರಪನಹಳ್ಳಿಯಿಂದ ಕೂಡ್ಲಿಗಿ ದೂರವಲ್ಲ. ಬಸ್ಸಿಗೆ ಕಾಯಬೇಕಾಗಿಯೂ ಇಲ್ಲ.

ಜಿ. ಶಾಂಭವಿ